ಪದಚರ್ಚೆ: ಹಲ್ಲಿನ ಸೋಂಕಿನಿಂದ ಮುಖದ ಮೇಲೆ ಕೀವು ಸೋರುವ ಗಾಯಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ದಂತ ಚಿಕಿತ್ಸಾಲಯವೊಂದರ ಗೋಡೆಫಲಕ ನಾಳೆ ಸಂಜೆ ಅಚ್ಚಿಗೆ ಹೋಗಬೇಕಿದೆ. ಹಲ್ಲಿನ ಬೇರಿನ ತುದಿಯಲ್ಲಿ ಕಟ್ಟಿದ ಕೀವು ದವಡೆಯ ಮೂಳೆಯನ್ನು ಕೊರೆದು ಗದ್ದದಲ್ಲೋ ಕೆನ್ನೆಯಲ್ಲೋ ಹೊರಬರುವುದಕ್ಕೆ ‘ದಂತಮೂಲಜನ್ಯ ನಾಡೀವ್ರಣ’ ಎಂದು ಬರೆದಿದ್ದೇನೆ. ಆಗಬಹುದೇ?

ಉತ್ತರ:

ಆಗದು. ‘ನಾಡಿ’ ಎಂದೊಡನೆ ಇಂದಿನ ಓದುಗರ ಗಮನ ಮಣಿಕಟ್ಟಿಗೆ ಹೋಗುತ್ತದೆ. ಸುಶ್ರುತ ಸಂಹಿತೆಯು ಒಸಡಿನ ರೋಗಗಳಲ್ಲಿ ಐದು ನಾಡಿಗಳನ್ನು, ಅಂದರೆ ಕೀವು ಹರಿಯುವ ಕೊಳವೆಯಂಥ ಹುಣ್ಣುಗಳನ್ನು, ಎಣಿಸುವುದರಿಂದ ಆ ಪದಕ್ಕೆ ಶಾಸ್ತ್ರದ ಬಲವಿದೆ, ನಿಜ. ಆದರೆ ಫಲಕವನ್ನು ಓದುವವರು ರೋಗಿಗಳು. ಇಂಗ್ಲಿಷಿನಲ್ಲಿ ವೈದ್ಯರು ಇದಕ್ಕೆ ಹೇಳುವ ‘ಸೈನಸ್’ ಎಂಬುದನ್ನು ಬರೆದರೆ ಮೂಗು ಕಟ್ಟುವ ತೊಂದರೆ ಎಂದೇ ಎಲ್ಲರೂ ತಿಳಿಯುತ್ತಾರೆ. ‘ಭಗಂದರ’ ಗುದದ ರೋಗ, ಮುಖಕ್ಕೆ ಸಲ್ಲದು. ‘ಹಲ್ಲುವ್ರಣ’ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ, ಚರ್ಚೆಗೇ ಬೇಡ.

ನನ್ನ ಸೂಚನೆ ‘ಹಲ್ಲಿನ ಕೀವುಗಂಡಿ’. ಕೆರೆಯ ಏರಿ ಒಡೆದರೆ ಕಂಡಿ ಬಿತ್ತು ಎನ್ನುತ್ತೇವೆ. ಇಲ್ಲಿಯೂ ಒಳಗೆ ಒತ್ತಿನಿಂತದ್ದು ದಾರಿ ಮಾಡಿಕೊಂಡು ಹೊರಬಿದ್ದಿದೆ. ‘ಕೀವು’ ಅಚ್ಚಗನ್ನಡದ ಮಾತು. ತಮಿಳಿನ ‘ಚೀ’, ತೆಲುಗಿನ ‘ಚೀಮು’ ಇದರ ಒಡಹುಟ್ಟುಗಳು. ‘ಕಿವಿ’ ಆ ಎರಡು ನುಡಿಗಳಲ್ಲಿ ‘ಚೆವಿ’ ಆದಂತೆಯೇ ಇಲ್ಲಿಯೂ ಮೊದಲ ಕಕಾರವನ್ನು ಕನ್ನಡ ಉಳಿಸಿಕೊಂಡಿದೆ. ಇಷ್ಟು ಹಳೆಯ ಪದ ಬಾಯಲ್ಲಿರುವಾಗ ಸಂಸ್ಕೃತದಿಂದ ಕಡ ತರುವ ಅಗತ್ಯ ನನಗೆ ಕಾಣುವುದಿಲ್ಲ. ಹಾಗೆಂದು ‘ಎಕ್ಸ್‌ರೇ’, ‘ರೂಟ್ ಕೆನಾಲ್’ ಎಂಬುವನ್ನು ಕಿತ್ತುಹಾಕಲು ಹೊರಡಬೇಡಿ. ಜನ ಆ ಹೆಸರು ಹೇಳಿಯೇ ಚಿಕಿತ್ಸೆ ಕೇಳುತ್ತಾರೆ.

‘ಹಲ್ಲಿನ’ ಎಂಬುದನ್ನು ಮಾತ್ರ ಬಿಡಲೇಬಾರದು. ನಮ್ಮ ತಾಯಿಯವರ ಗದ್ದದ ಕೆಳಗೆ ಕಡಲೆಕಾಳಿನಷ್ಟು ಕೆಂಪು ಗಂಟೊಂದು ಎದ್ದು, ಒಡೆದು, ಒಣಗಿ, ಮತ್ತೆ ಒಡೆಯುತ್ತಿತ್ತು. ಹಲ್ಲುನೋವು ಇರಲೇ ಇಲ್ಲವಾದ್ದರಿಂದ ಎಂಟು ತಿಂಗಳು ಚರ್ಮದ ಮುಲಾಮು ಹಚ್ಚಿದೆವು. ಕೊನೆಗೆ ದಂತವೈದ್ಯರೊಬ್ಬರು ಆ ತೂತಿನೊಳಗೆ ಗಟ್ಟಾ ಪರ್ಚಾದ (ಹಲ್ಲಿನ ಬೇರು ತುಂಬಲು ಬಳಸುವ ರಬ್ಬರಿನಂಥ ವಸ್ತು) ತೆಳುಕಡ್ಡಿಯನ್ನು ಮೆಲ್ಲಗೆ ತೂರಿಸಿ ಎಕ್ಸ್‌ರೇ ತೆಗೆದಾಗ, ಕಡ್ಡಿಯ ತುದಿ ಕೆಳದವಡೆಯ ಹಲ್ಲೊಂದರ ಬೇರಿಗೆ ಹೋಗಿ ನಿಂತಿತ್ತು. ರೂಟ್ ಕೆನಾಲ್ ಆದ ಎರಡು ವಾರಗಳಲ್ಲಿ ಗಾಯ ಮುಚ್ಚಿತು. ಸಣ್ಣದೊಂದು ಕುಳಿ ಉಳಿದಿದೆ. ಹೆಸರಿನಲ್ಲಿಯೇ ಹಲ್ಲಿದ್ದಿದ್ದರೆ ನಾವು ಮೊದಲೇ ಬಾಯಿ ತೋರಿಸುತ್ತಿದ್ದೆವು.

ಆದ್ದರಿಂದ ಫಲಕದಲ್ಲಿ ಹೀಗೆ ಬರೆಯಿರಿ: ‘ಗದ್ದ, ಕೆನ್ನೆಗಳ ಮೇಲಿನ ಗಾಯ ವಾಸಿಯಾಗದೆ ಮತ್ತೆ ಮತ್ತೆ ಸೋರುತ್ತಿದ್ದರೆ ಅದು ಹಲ್ಲಿನ ಕೀವುಗಂಡಿ ಇರಬಹುದು. ನೋವಿಲ್ಲದಿದ್ದರೂ ಹಲ್ಲು ತೋರಿಸಿ.’