ಮಿಂಟ್‌ನ ಟಾಸ್ಕ್‌ಬಾರ್‌ನಲ್ಲಿ ಫೈಲ್ ಹೆಸರು ಕಾಣುತ್ತಿಲ್ಲ, ಕನ್ನಡ-ಮರಾಠಿ ಕೀಬೋರ್ಡ್ ಗೊಂದಲ

ಕೋಥ್ರೂಡ್ ಸೊಸೆ:
ನಮಸ್ಕಾರ, ಪುಣೆಯಿಂದ ಬರೆಯುತ್ತಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ನಮ್ಮ ಹಳೇ ಲ್ಯಾಪ್‌ಟಾಪ್‌ಗೆ 11 ಹಾಕಲು ಆಗಲ್ಲ. ಅದಕ್ಕೇ ವಿಂಡೋಸ್ ಬದಲಿಗೆ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22 (ಸಿನಮನ್ ಆವೃತ್ತಿ) ಹಾಕಿದೆವು. ಬಳಸುವವರು ನಮ್ಮ ಮಾವ, ಸೊಸೈಟಿ ಸೆಕ್ರೆಟರಿ. ಮೆಂಟೆನೆನ್ಸ್ ಲೆಕ್ಕ ಕ್ಯಾಲ್ಕ್‌ನಲ್ಲಿ (ಎಕ್ಸೆಲ್ ಥರದ್ದು), ನೋಟಿಸ್ ಮರಾಠಿಯಲ್ಲಿ, ಧಾರವಾಡದವರಿಗೆ ಮೇಲ್ ಕನ್ನಡದಲ್ಲಿ. ಈಗ ಎಷ್ಟು ಫೈಲ್ ತೆರೆದರೂ ಕೆಳಗೆ ಒಂದೇ ಐಕಾನ್. ಮೂಲೆಯಲ್ಲಿ ಕನ್ನಡಕ್ಕೂ ತಿರಂಗಾ, ಮರಾಠಿಗೂ ತಿರಂಗಾ. ನೀರಿನ ನೋಟಿಸ್ ಅರ್ಧ ಕನ್ನಡದಲ್ಲಿ ಟೈಪ್ ಆಗಿತ್ತು! ವಿಂಡೋಸ್ ಥರದ ಥೀಮ್ ಹಾಕಿದರೆ ಸರಿಹೋಗುತ್ತಾ?

ಠಾಣೆ ಟರ್ಮಿನಲ್:
ಥೀಮ್ ಬೇಡ ಮೇಡಂ. ಅದು ಬಣ್ಣ, ಅಂಚು ಬದಲಿಸುತ್ತೆ ಅಷ್ಟೇ. ಮಾವನವರಿಗೆ ಬೇಕಿರುವುದು ನೋಟ ಅಲ್ಲ, ಹೆಸರು.

ಮಿಂಟ್ 19.1ರಿಂದ ಟಾಸ್ಕ್‌ಬಾರ್‌ನಲ್ಲಿ 'ಗ್ರೂಪ್ಡ್ ವಿಂಡೋ ಲಿಸ್ಟ್' ಅನ್ನುವ ಆಪ್ಲೆಟ್ (ಟಾಸ್ಕ್‌ಬಾರ್‌ನಲ್ಲಿ ಕೂರುವ ಪುಟ್ಟ ಪ್ರೋಗ್ರಾಂ) ಇರುತ್ತೆ. ಒಂದೇ ಆ್ಯಪ್‌ನ ಕಿಟಕಿಗಳನ್ನೆಲ್ಲ ಒಂದು ಐಕಾನ್‌ಗೆ ತುರುಕುವುದು ಅದೇ. ಕ್ಯಾಲ್ಕ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಆಪ್ಲೆಟ್ ಪ್ರಿಫರೆನ್ಸಸ್', ಅಲ್ಲಿಂದ 'ಕಾನ್ಫಿಗರ್'. ಗುಂಪು ಮಾಡುವ ಆಯ್ಕೆಯನ್ನು ಆಫ್ ಮಾಡಿ. ಬಟನ್ ಲೇಬಲ್ ಅನ್ನುವ ಕಡೆ 'ವಿಂಡೋ ಟೈಟಲ್' ಆರಿಸಿ. ಎಲ್ಲಾ ಫೈಲೂ ಹೆಸರಿನ ಸಮೇತ ಸಾಲಾಗಿ ನಿಲ್ಲುತ್ತವೆ.

(ವಿಂಡೋಸ್ 11ರಲ್ಲೂ ಮೊದಲು ಈ ಸೌಲಭ್ಯ ತೆಗೆದುಹಾಕಿ, ಜನ ಗಲಾಟೆ ಮಾಡಿದ ಮೇಲೆ 2023ರಲ್ಲಿ ವಾಪಸ್ ಕೊಟ್ಟರು. ಮಾವನವರ ಸಿಟ್ಟು ನ್ಯಾಯವಾದದ್ದೇ.)

ಧ್ವಜದ ಕತೆ: ಎರಡೂ ಲೇಔಟ್ (ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ) 'ಇಂಡಿಯಾ' ಕೆಳಗೇ ಬರುತ್ತವೆ, ಅದಕ್ಕೆ ಒಂದೇ ಬಾವುಟ. ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್ಸ್‌ಗೆ ಹೋಗಿ ಧ್ವಜ ತೋರಿಸುವ ಆಯ್ಕೆ ಆಫ್ ಮಾಡಿ. ಬಾವುಟದ ಜಾಗದಲ್ಲಿ ಅಕ್ಷರ ಬರುತ್ತೆ.

ಕೋಥ್ರೂಡ್ ಸೊಸೆ:
ಫೈಲ್ ಹೆಸರು ಬಂತು, ಬಾವುಟ ಹೋಯಿತು. ಥ್ಯಾಂಕ್ಸ್ ಸರ್. ಆದರೆ ಮೇಲ್‌ಗೆ ಕನ್ನಡ ಆರಿಸಿದರೆ ನೋಟಿಸ್ ಕಿಟಕಿಯಲ್ಲೂ ಕನ್ನಡವೇ ಆಗುತ್ತೆ. ಪ್ರತಿ ಸಲ ಬದಲಿಸಬೇಕಾ?

ಠಾಣೆ ಟರ್ಮಿನಲ್:
ಬೇಡ. ಅದೇ ಲೇಔಟ್ಸ್ ಪುಟದಲ್ಲಿ ಒಂದೊಂದು ಕಿಟಕಿಗೂ ಬೇರೆ ಲೇಔಟ್ ಬಿಡುವ ಆಯ್ಕೆ ಇದೆ. ಆನ್ ಮಾಡಿ. ನೋಟಿಸ್ ಮರಾಠಿಯಲ್ಲೇ ಇರುತ್ತೆ, ಮೇಲ್ ಕನ್ನಡದಲ್ಲೇ.

ವಡಾಳಾ ವಿನಯ:
ಒಂದು ಮಾತು ಸೇರಿಸ್ತೀನಿ. ಮಾವ 'ನುಡಿ', 'ಬರಹ' ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಟೈಪ್ ಮಾಡಿದವರಾ? ಹಾಗಿದ್ರೆ 'ಕನ್ನಡ, ಕಗಪ ಫೋನೆಟಿಕ್' ಹಾಕಿ. ಕಗಪ ಅಂದರೆ ನಮ್ಮ ಕನ್ನಡ ಗಣಕ ಪರಿಷತ್ತೇ. ಮಜಾ ಏನಂದ್ರೆ, ಪಟ್ಟಿಯಲ್ಲಿ ಮರಾಠಿಗೂ ಕಗಪ ಲೇಔಟ್ ಇದೆ. ಎರಡಕ್ಕೂ ಅದನ್ನೇ ಇಟ್ಟರೆ ಬೆರಳಿಗೆ ಹೊಸದಾಗಿ ಕಲಿಯುವುದು ಕಡಿಮೆ. ಸುಮ್ನೆ ಸಿಕ್ಕಿದ್ದನ್ನೆಲ್ಲ ಸೇರಿಸಬೇಡಿ, ಒಟ್ಟಿಗೆ ನಾಲ್ಕು ಲೇಔಟ್‌ಗಿಂತ ಜಾಸ್ತಿ ನಡೆಯಲ್ಲ.

ಕೋಥ್ರೂಡ್ ಸೊಸೆ:
ಬರಹದವರೇ! ಎರಡಕ್ಕೂ ಕಗಪ ಹಾಕಿದೆ, ಖುಷಿಯಾಗಿದ್ದಾರೆ. ಮೊಮ್ಮಗ ಬಂದು ಟಾಸ್ಕ್‌ಬಾರ್ ಕೆಡಿಸಿದರೆ ಏನು ಮಾಡಲಿ?

ಠಾಣೆ ಟರ್ಮಿನಲ್:
ಟಾಸ್ಕ್‌ಬಾರ್‌ನ (ಮಿಂಟ್‌ನಲ್ಲಿ ಅದರ ಹೆಸರು ಪ್ಯಾನೆಲ್) ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ. 'ಪ್ಯಾನೆಲ್ ಎಡಿಟ್ ಮೋಡ್' ಆಫ್ ಇದ್ದರೆ ಆಪ್ಲೆಟ್‌ಗಳನ್ನು ಎಳೆದಾಡಲು ಆಗಲ್ಲ. ಪೂರ್ತಿ ಹಾಳಾದರೆ ಅದೇ ಮೆನುವಿನ 'ಟ್ರಬಲ್‌ಶೂಟ್'ನಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡುವ ಆಯ್ಕೆ ಇದೆ. ಅದನ್ನು ಒತ್ತಿದರೆ ಈಗ ಆಪ್ಲೆಟ್‌ನಲ್ಲಿ ಮಾಡಿದ್ದನ್ನು ಮತ್ತೆ ಮಾಡಬೇಕಾಗಬಹುದು, ಹಾಗಾಗಿ ಈ ಸೆಟ್ಟಿಂಗ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ.