ಗೀಸರ್ ತಣ್ಣಗಿದ್ದಾಗ ಸೋರುತ್ತದೆ, ಕಾದರೆ ನಿಲ್ಲುತ್ತದೆ. ಏನಿದು?

ಒದ್ದೆನೆಲ:
ಬಚ್ಚಲಮನೆಯ ಗೋಡೆಗೆ ಹಾಕಿದ 25 ಲೀಟರ್ ಗೀಸರ್, ಎಂಟು ವರ್ಷ ಹಳೆಯದು. ಒಂದು ತಿಂಗಳಿಂದ ಕೆಳಗಿನ ಮುಚ್ಚಳದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ. ರಾತ್ರಿ ಮಗ್ ಇಟ್ಟರೆ ಬೆಳಗಾಗುವಷ್ಟರಲ್ಲಿ ಅರ್ಧ ತುಂಬಿರುತ್ತದೆ. ವಿಚಿತ್ರ ಅಂದರೆ ಸ್ವಿಚ್ ಹಾಕಿ ನೀರು ಕಾದ ಮೇಲೆ ಅದು ನಿಂತೇ ಹೋಗುತ್ತದೆ. ಆದರೆ ಕಾಯುವ ಹೊತ್ತಿಗೆ ಪಕ್ಕದ ಸೇಫ್ಟಿ ವಾಲ್ವ್‌ನಿಂದ ತೊಟ್ಟಿಕ್ಕಲು ಶುರು! ಪ್ಲಂಬರ್ ಬಂದರು, ಮುಚ್ಚಳ ಕೂಡ ಬಿಚ್ಚದೆ "ಟ್ಯಾಂಕ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ನೀರಿನ ಪೈಪ್ ಸೇರುವ ಎರಡು ನಟ್‌ಗಳಿಗೂ ಟೆಫ್ಲಾನ್ ಟೇಪ್ ಸುತ್ತಿ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ. ನಿಜವಾಗಿಯೂ ಟ್ಯಾಂಕೇ ಹೋಗಿದೆಯಾ?

ಸುಮ್ನೆ_ಹೇಳ್ದೆ:
ವಾಲ್ವ್ ಬಾಯಿಗೆ ಒಂದು ಎಂಡ್ ಕ್ಯಾಪ್ ತಿರುಗಿಸಿಬಿಡಿ, ಒಂದು ತಲೆನೋವು ಹೋಯಿತು. ನಾನು ಹಾಗೇ ಮಾಡಿದ್ದೇನೆ.

ಹಳೇಸ್ಪ್ಯಾನರ್:
ಅಯ್ಯೋ ಮಾರಾಯರೇ, ಕ್ಯಾಪ್ ಮಾತ್ರ ಬೇಡ. ನಿಮ್ಮ ಮನೆಯದನ್ನೂ ಇವತ್ತೇ ತೆಗೆಯಿರಿ. ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೈಕೊಟ್ಟ ದಿನ ಒತ್ತಡ ಹೊರಗೆ ಹೋಗಲು ಇರುವ ದಾರಿ ಆ ವಾಲ್ವೇ. ಟ್ಯಾಂಕ್ ಒಡೆದರೆ 100 ಡಿಗ್ರಿ ದಾಟಿದ ನೀರಿನ ಒಂದು ಭಾಗ ತಕ್ಷಣ ಆವಿಯಾಗುತ್ತದೆ, ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರ್‌ಗಿಂತ ಜಾಸ್ತಿ ಜಾಗ ಕೇಳುತ್ತದೆ. ಗೋಡೆ ಉಳಿಯಲ್ಲ.

ಒದ್ದೆನೆಲ ಅವರೇ, ನಿಮ್ಮದು ಒಂದು ಸೋರಿಕೆ ಅಲ್ಲ, ಎರಡು. ವಾಲ್ವ್‌ನದ್ದನ್ನು ಬಿಟ್ಟುಬಿಡಿ. ನೀರು ಕಾದರೆ ಹಿಗ್ಗುತ್ತದೆ, 25 ಲೀಟರ್ ನೀರು 25 ಡಿಗ್ರಿಯಿಂದ 65ಕ್ಕೆ ಹೋದರೆ ಸುಮಾರು 400 ಮಿಲಿ ಹೆಚ್ಚಾಗುತ್ತದೆ. ಒಳಬರುವ ಪೈಪಿನಲ್ಲಿ ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್ ಇದ್ದರೆ ಅದು ಬೇರೆಲ್ಲಿಗೆ ಹೋಗಬೇಕು? ಸೇಫ್ಟಿ ವಾಲ್ವ್‌ನಿಂದಲೇ ಬರಬೇಕು. ಕಾಯುವಾಗ ಮಾತ್ರ ಬಂದು ಆಮೇಲೆ ನಿಂತರೆ ವಾಲ್ವ್ ಸರಿಯಾಗಿದೆ ಅಂತಲೇ ಅರ್ಥ. ದಿನವಿಡೀ ಬರುತ್ತಿದ್ದರೆ ಮಾತ್ರ ಒಳಗೆ ಕಸ ಕೂತಿದೆ, ಇಲ್ಲವೇ ಮನೆಯ ನೀರಿನ ಒತ್ತಡ ಜಾಸ್ತಿ ಇದೆ.

ಇನ್ನೊಂದು, ತಣ್ಣಗಿದ್ದಾಗ ಸೋರುವುದು, ಅದೇ ನಿಜವಾದ ತೊಂದರೆ. ನೀರು ಕಾಯಿಸುವ ಕಾಯಿಲ್ ಕೂರುವ, ಬೋಲ್ಟ್ ಹಾಕಿ ಬಿಗಿದ ತಟ್ಟೆ ಇದೆಯಲ್ಲ, ಫ್ಲಾಂಜ್, ನನಗೆ ಅದರ ಸಂದು ಮುಚ್ಚುವ ರಬ್ಬರ್ ಗ್ಯಾಸ್ಕೆಟ್ ಮೇಲೇ ಅನುಮಾನ. ರಬ್ಬರ್ ಹಳೆಯದಾಗಿ ಗಟ್ಟಿಯಾದರೆ ತಣ್ಣಗಿದ್ದಾಗ ಕುಗ್ಗಿ ಸಂದು ಬಿಡುತ್ತದೆ, ಬಿಸಿಗೆ ಹಿಗ್ಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಟ್ಯಾಂಕ್ ತೂತಾದರೆ ಹೀಗೆ ಸಮಯ ನೋಡಿ ಸೋರುವುದು ಅಪರೂಪ.

ಆದರೂ ನನ್ನ ಮಾತು ನಂಬಿ ಗ್ಯಾಸ್ಕೆಟ್ ತರಬೇಡಿ, ಮೊದಲು ನೋಡಿ. ಗೀಸರ್‌ಗೆ ಹೋಗುವ ಮೇನ್ ಆಫ್ ಮಾಡಿ (ಗೋಡೆಯ ಸ್ವಿಚ್ ಒಂದೇ ಸಾಲದು), ಮುಚ್ಚಳ ತೆಗೆಯಿರಿ. ಎಲ್ಲವನ್ನೂ ಒಣಗಿಸಿ, ಎರಡು ನಟ್, ವಾಲ್ವ್, ಫ್ಲಾಂಜ್‌ನ ಸುತ್ತ ಬೇರೆ ಬೇರೆ ಟಿಶ್ಯೂ ಕಟ್ಟಿ ಅರ್ಧ ಗಂಟೆ ಕಾಯಿರಿ. ಮೊದಲು ಒದ್ದೆಯಾಗಿದ್ದೇ ಕಳ್ಳ. ಬಿಳಿ ಉಪ್ಪಿನ ಗೆರೆ ಕಂಡರೆ ಅದರ ಜಾಡು ಹಿಡಿದು ಮೇಲಕ್ಕೆ ಹೋಗಿ. ಹೊರಮೈ ಮತ್ತು ಟ್ಯಾಂಕಿನ ನಡುವಿನ ಫೋಮ್‌ನಿಂದ ತುಕ್ಕಿನ ಬಣ್ಣದ ನೀರು ಬಂದರೆ ಮಾತ್ರ ಪ್ಲಂಬರ್ ಹೇಳಿದ್ದು ಸರಿ, ಆಗ ಅಂಟು ಗಿಂಟು ಹಚ್ಚಿ ಸಮಯ ಹಾಳು ಮಾಡಬೇಡಿ.

ಕಾಯಿಲ್ಕಥೆ:
ಹಳೇಸ್ಪ್ಯಾನರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಫ್ಲಾಂಜ್ ಬಿಚ್ಚುವ ಮೊದಲು ಒಳಗಿನ ನೀರು ತಣ್ಣಗಿರಲಿ. ಒಳಬರುವ ನೀರು ಮುಚ್ಚಿ ಬಿಸಿನೀರಿನ ನಲ್ಲಿ ತೆರೆದಿಡಿ. ಗಾಳಿ ಒಳಗೆ ಹೋಗದಿದ್ದರೆ ನೀರು ಇಳಿಯಲ್ಲ, ನಾನು ಇದು ಗೊತ್ತಿಲ್ಲದೆ ಅರ್ಧ ದಿನ ಬಕೆಟ್ ಹಿಡಿದು ನಿಂತಿದ್ದೆ. ವೈರ್‌ಗಳ ಫೋಟೋ ತೆಗೆದುಕೊಳ್ಳಿ, ಅರ್ಥ್ ವೈರ್ ವಾಪಸ್ ಹಾಕುವುದನ್ನು ಮರೆಯಬೇಡಿ. ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಹೊಸ ಗ್ಯಾಸ್ಕೆಟ್ ಕೂಡ ಸೋರುತ್ತದೆ.

ಒದ್ದೆನೆಲ:
ಗ್ಯಾಸ್ಕೆಟ್ಟೇ! ನಟ್‌ಗಳ ಟಿಶ್ಯೂ ಒಣಗಿಯೇ ಇತ್ತು, ಫ್ಲಾಂಜ್‌ನದ್ದು ಹತ್ತು ನಿಮಿಷದಲ್ಲಿ ಒದ್ದೆ. ಹೊರಗೆ ತೆಗೆದಾಗ ರಬ್ಬರ್ ಬಗ್ಗಿಸಿದರೆ ಬಿಸ್ಕೆಟ್ ಥರ ಮುರಿಯಿತು. ಕಾಯಿಲ್ ಮೇಲೆ ಬೆರಳು ದಪ್ಪ ಉಪ್ಪು. ಅದರ ಪಕ್ಕ ಒಂದು ತಂತಿ ಮಾತ್ರ ಉಳಿದಿತ್ತು, ಅದೇನು?

ಹಳೇಸ್ಪ್ಯಾನರ್:
ಅದೇ ಮೆಗ್ನೀಸಿಯಂ ಆನೋಡ್ ರಾಡ್, ಅಂದರೆ ಇದ್ದದ್ದು. ಟ್ಯಾಂಕ್ ಬದಲು ತಾನು ಸವೆಯುವುದೇ ಅದರ ಕೆಲಸ. ತಂತಿ ಕಂಡಿದೆ ಅಂದರೆ ಇಷ್ಟು ದಿನ ಟ್ಯಾಂಕಿಗೆ ಕಾವಲಿರಲಿಲ್ಲ. ಹೊಸ ರಾಡ್ ಹಾಕದೆ ಮುಚ್ಚಬೇಡಿ. ನಲ್ಲಿಯಿಂದ ಗಾಳಿಯಿಲ್ಲದೆ ನೀರು ಒಂದೇ ಸಮನೆ ಬರುವವರೆಗೆ ಕರೆಂಟ್ ಕೊಡಬೇಡಿ, ಒಣ ಕಾಯಿಲ್ ಸುಟ್ಟುಹೋಗುತ್ತದೆ.

ಒದ್ದೆನೆಲ:
ರಾಡ್ ಮತ್ತು ಗ್ಯಾಸ್ಕೆಟ್ ಹಾಕಿ ಮೂರು ದಿನ ಆಯಿತು. ಮುಚ್ಚಳದ ಹತ್ತಿರ ಒಂದು ಹನಿಯೂ ಇಲ್ಲ. ವಾಲ್ವ್ ಮಾತ್ರ ಕಾಯುವಾಗ ತೊಟ್ಟಿಕ್ಕುತ್ತದೆ, ಅದಕ್ಕೊಂದು ಚಿಕ್ಕ ಪೈಪ್ ಕೊಟ್ಟು ನೆಲದ ಜಾಲರಿವರೆಗೆ ಇಳಿಸಿದ್ದೇನೆ. ತುದಿ ತೆರೆದೇ ಇದೆ, ಬೈಯಬೇಡಿ.