7 ಮೀಟರ್ ಬೇಸ್‌ಮೆಂಟ್ ಅಗೆತ: ತಾತ್ಕಾಲಿಕ ತಡೆಗೋಡೆಯ ಲೆಕ್ಕದ ಬಗ್ಗೆ ಸಂದೇಹ

ಪ್ರಶ್ನೆ
ಮಾನ್ಯರೇ, ಬೆಂಗಳೂರಿನ ನಿವೇಶನವೊಂದರಲ್ಲಿ ಎರಡು ಬೇಸ್‌ಮೆಂಟ್‌ಗಳಿಗಾಗಿ 7 ಮೀಟರ್ ಆಳ ಅಗೆಯಬೇಕಿದೆ. ಮೇಲಿನ 5 ಮೀಟರ್ ಜೇಡಿ ಬೆರೆತ ಕೆಂಪು ಮರಳುಮಣ್ಣು, ಅದರ ಕೆಳಗೆ ಶಿಥಿಲಗೊಂಡ ನೈಸ್ ಶಿಲೆ. ಪೂರ್ವದಲ್ಲಿ, ಗಡಿಯಿಂದ 2 ಮೀಟರ್ ದೂರಕ್ಕೆ, ಪಕ್ಕದವರ ಮೂರಂತಸ್ತಿನ ಮನೆ ಇದೆ. ಮಣ್ಣಿನ ವರದಿಯಂತೆ ಘರ್ಷಣಾ ಕೋನ (ಕಣಗಳ ನಡುವಿನ ಉಜ್ಜುವಿಕೆಯ ಬಲದ ಅಳತೆ) 30 ಡಿಗ್ರಿ, ತೂಕ ಘನ ಮೀಟರಿಗೆ 18 ಕಿಲೋನ್ಯೂಟನ್, ಕೊಹಿಶನ್ (ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಬಲ) ಚದರ ಮೀಟರಿಗೆ 20 ಕಿಲೋನ್ಯೂಟನ್. ಇವನ್ನು ರ‍್ಯಾಂಕಿನ್ ಸೂತ್ರಕ್ಕೆ (ಮಣ್ಣು ಪಕ್ಕಕ್ಕೆ ಒತ್ತುವ ಬಲ ಲೆಕ್ಕಿಸುವ ಸೂತ್ರ) ಹಾಕಿದರೆ 7.7 ಮೀಟರ್‌ವರೆಗೆ ಗೋಡೆಯೇ ಬೇಡವೆಂದು ಬರುತ್ತದೆ. ಗುತ್ತಿಗೆದಾರರೂ ಮಣ್ಣು ನೆಟ್ಟಗೆ ನಿಲ್ಲುತ್ತದೆ ಎನ್ನುತ್ತಾರೆ. ಇದನ್ನು ನಂಬಬಹುದೇ?

ಉತ್ತರ 1
ನಂಬಬೇಡಿ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುವುದಕ್ಕೆ ಮುಖ್ಯ ಕಾರಣ ಅದು ಅರೆ ಒಣಗಿರುವುದು. ಕಣಗಳ ನಡುವಿನ ಅಲ್ಪ ತೇವವೇ ಅವನ್ನು ಹಿಡಿದಿಟ್ಟಿರುತ್ತದೆ. ಮಳೆ ಇಳಿದೊಡನೆ, ಅಥವಾ ಪಕ್ಕದವರ ಸಂಪ್ ಸದ್ದಿಲ್ಲದೆ ಸೋರುತ್ತಿದ್ದರೆ, ಆ ಹಿಡಿತ ಹೋಗುತ್ತದೆ ಮತ್ತು ನಿಮ್ಮ 20 ಎಂಬ ಅಂಕಿ ಕಾಗದದ ಮೇಲಷ್ಟೇ ಉಳಿಯುತ್ತದೆ. ತಾತ್ಕಾಲಿಕ ಎನ್ನುವ ಗೋಡೆ ನಮ್ಮಲ್ಲಿ ಒಂದು ಮಳೆಗಾಲವನ್ನಾದರೂ ಕಾಣುವುದರಿಂದ ನಾನು ಕೊಹಿಶನ್ ಅನ್ನು ಸೊನ್ನೆ ಎಂದೇ ಹಿಡಿಯುತ್ತೇನೆ.

ಆಗ ಒಂದು ಸೊಗಸಾದ ಆಕಸ್ಮಿಕವಿದೆ: ನಿಮ್ಮ ಅಂಕಿಗಳಲ್ಲಿ ಒತ್ತಡದ ಗುಣಾಂಕ (ಮಣ್ಣಿನ ಭಾರದಲ್ಲಿ ಪಕ್ಕಕ್ಕೆ ಒತ್ತುವ ಪಾಲು) ಮೂರನೇ ಒಂದು ಭಾಗವಾದ್ದರಿಂದ, ಅಗೆತದ ತಳದಲ್ಲಿನ ಬೆಂಡಿಂಗ್ ಮೊಮೆಂಟ್ (ಗೋಡೆಯನ್ನು ಬಗ್ಗಿಸುವ ಪರಿಣಾಮ) ಗೋಡೆಯ ಉದ್ದದ ಪ್ರತಿ ಮೀಟರಿಗೆ ಸರಿಯಾಗಿ ಎತ್ತರದ ಘನದಷ್ಟು ಬರುತ್ತದೆ. 4 ಮೀಟರಿಗೆ 64 ಕಿಲೋನ್ಯೂಟನ್-ಮೀಟರ್, 7 ಮೀಟರಿಗೆ 343. ನೀರು, ಮನೆಯ ಭಾರ ಇನ್ನೂ ಸೇರಿಲ್ಲ. ಆಧಾರವಿಲ್ಲದ ಪೈಲ್ ಸಾಲು (ನೆಲದೊಳಗೆ ಇಳಿಸಿದ ಕಾಂಕ್ರೀಟ್ ಕಂಬಗಳ ಗೋಡೆ) 4 ಮೀಟರಿಗೆ ಹೊಂದುತ್ತದೆ, 7ಕ್ಕೆ ಹೊಂದುವುದಿಲ್ಲ.

ಉತ್ತರ 2
ಮೇಲಿನ ಮಾತಿಗೆ ಸಹಮತವಿದೆ, ಆದರೆ ಪೂರ್ವದ ಬದಿಗೆ ಮೂರನೇ ಒಂದು ಭಾಗವೂ ಸಾಲದು. ಆ ಗುಣಾಂಕ ಸಿಗಬೇಕಾದರೆ ಗೋಡೆ ಸ್ವಲ್ಪ ಮುಂದಕ್ಕೆ ಸರಿಯಬೇಕು. ಅದು ಸರಿದರೆ ಮನೆಯ ಗೋಡೆಯಲ್ಲಿ ಬಿರುಕು ಬೀಳುತ್ತದೆ. ಅಲ್ಲಿ ಸ್ಥಿರಸ್ಥಿತಿಯ (ಗೋಡೆ ಸರಿಯದಿರುವಾಗಿನ) ಗುಣಾಂಕ 0.5 ಹಿಡಿಯಿರಿ. ಆಧಾರಕ್ಕೆ ಕೊಡುವ ಆ್ಯಂಕರ್ (ಗೋಡೆಯನ್ನು ಹಿಂದಕ್ಕೆ ಎಳೆದು ಹಿಡಿಯುವ ಉಕ್ಕಿನ ಸರಳು) ಪಕ್ಕದವರ ನೆಲದಡಿ ಹೋಗುವುದರಿಂದ ಅವರ ಲಿಖಿತ ಒಪ್ಪಿಗೆ ಬೇಕು. ಸಿಗದಿದ್ದರೆ ಪೈಲ್‌ಗಳ ಮುಂದೆ ಮಣ್ಣಿನ ದಿಬ್ಬ ಬಿಟ್ಟು, ನಡುಭಾಗದ ರಾಫ್ಟ್ (ತಳಪಾಯದ ಕಾಂಕ್ರೀಟ್ ಹಾಸು) ಹಾಕಿ, ಅದರಿಂದ ಓರೆ ಸ್ಟ್ರಟ್ (ಗೋಡೆಗೆ ಆನಿಸುವ ಊರುಗೋಲು) ಕೊಟ್ಟ ಬಳಿಕವೇ ದಿಬ್ಬ ತೆಗೆಯಿರಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಒಪ್ಪಿಗೆ ಸಿಗುವ ಲಕ್ಷಣವಿಲ್ಲ, ದಿಬ್ಬದ ದಾರಿಯನ್ನೇ ಲೆಕ್ಕ ಹಾಕುತ್ತೇನೆ. ಅಂತಿಮ ಆಳಕ್ಕೆ ಮಾತ್ರ ಪರಿಶೀಲಿಸಿದರೆ ಸಾಕೇ?

ಉತ್ತರ 2
ಸಾಲದು. ಸ್ಟ್ರಟ್ ಕೂರುವ ಮುನ್ನಿನ ಹಂತ, ಅದೂ ಜೆಸಿಬಿ ಅರ್ಧ ಮೀಟರ್ ಹೆಚ್ಚೇ ಅಗೆದಿದೆ ಎಂದುಕೊಂಡು. ಆಮೇಲೆ ಸ್ಲ್ಯಾಬ್ ಹಾಕಲು ಸ್ಟ್ರಟ್ ಬಿಚ್ಚುವ ಹಂತ. ಹಲವು ಬಾರಿ ಈ ಎರಡರಲ್ಲೊಂದೇ ಪೈಲ್‌ನ ಸರಳನ್ನು ನಿರ್ಧರಿಸುತ್ತದೆ. ಅಗೆಯುವ ಮೊದಲು ಪಕ್ಕದ ಮನೆಯ ಬಿರುಕುಗಳ ಫೋಟೊ ತೆಗೆದು ಅವರ ಸಹಿ ಪಡೆಯಿರಿ. ಸಂಪ್ ಅನ್ನೂ ಆಗಲೇ ನೋಡಿಬಿಡಿ.